ಕೆತ್ತನೆಯಲ್ಲಿ ಇಲ್ಲದ ಹೆಸರು

ಕಳೆದ ಆಯುಧಪೂಜೆಯ ಸಂಜೆ ಸನ್ನಿವೇಲಿನ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ನಮ್ಮ ಮನೆಗಳಲ್ಲಿ ಆಯುಧಪೂಜೆ ಹೇಗೆ ನಡೆಯುತ್ತದೆಂಬುದು ಓದುಗರಿಗೆ ಗೊತ್ತೇ ಇದೆ. ದೇವರ ಮುಂದಿನ ಮಣೆಯ ಮೇಲೆ ಲ್ಯಾಪ್‌ಟಾಪು, ಕಾರಿನ ಕೀಲಿ, ಅಡುಗೆಮನೆಯ ಚಾಕು, ತೋಟದ ಕತ್ತರಿ, ಮಗನ ರೋಬಾಟಿನ ಬಿಡಿಭಾಗಗಳು. ಎಲ್ಲಕ್ಕೂ ಅರಿಸಿನ ಕುಂಕುಮ, ಒಂದೊಂದು ಸೇವಂತಿಗೆ. ಈ ಸಲ ಅವುಗಳ ನಡುವೆ ಹೊಸದೊಂದು ವಸ್ತುವಿತ್ತು. ಕೆಂಪು ಮಖಮಲ್ಲಿನ ಒಳಪದರವುಳ್ಳ ಮರದ ಪೆಟ್ಟಿಗೆ; ಅದರೊಳಗೆ ಒಂದು ಹಳೆಯ ರಿವಾಲ್ವರು. ಉಕ್ಕಿನ ಮೈತುಂಬ ಬಳ್ಳಿ, ಎಲೆ, ಸುರುಳಿಗಳ ನವಿರಾದ ಕೆತ್ತನೆ.

ಮಿತ್ರರು ಅದನ್ನು ಹರಾಜಿನಲ್ಲಿ ಕೊಂಡಿದ್ದರು. ಕೋಲ್ಟ್ ಕಂಪನಿಯ 1851ರ 'ನೇವಿ' ಮಾದರಿ, ಆರು ಗುಂಡಿನದು. ಕೆತ್ತನೆಯ ಶೈಲಿ, ಬಿಡಿಭಾಗಗಳ ಮೇಲಿನ ಕ್ರಮಸಂಖ್ಯೆಗಳು, ಹಿಂದಿನ ಒಡೆಯರ ಪಟ್ಟಿ ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದರು. ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅವರ ತಾಯಿ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು: “ಅದೆಲ್ಲ ಸರಿ ಕಣೋ. ಇದರಿಂದ ಸತ್ತವರು ಯಾರು?”

ಮಿತ್ರರಲ್ಲಿ ಉತ್ತರವಿರಲಿಲ್ಲ. ನೆರೆದಿದ್ದ ನಮ್ಮಲ್ಲಿ ಯಾರಲ್ಲೂ ಇರಲಿಲ್ಲ. ಯಾರೋ ನಕ್ಕು ಮಾತು ಮರೆಸಿದರು, ಪ್ರಸಾದ ಬಂತು. ಆದರೆ ಆ ಪ್ರಶ್ನೆ ನನ್ನೊಡನೆ ಮನೆಗೆ ಬಂತು. ಪುರಾತನ ಆಯುಧಗಳ ಸಂಗ್ರಹವು ನಮ್ಮ ಸಮುದಾಯದಲ್ಲೂ ನಿಧಾನವಾಗಿ ಹವ್ಯಾಸವಾಗುತ್ತಿರುವ ಈ ಹೊತ್ತಿನಲ್ಲಿ ಅದನ್ನು ಓದುಗರ ಮುಂದಿಡುವುದು ಉಚಿತವೆಂದು ತೋರಿತು.

ಮೊದಲಿಗೆ ಸಂಗ್ರಾಹಕರ ಪರವಾಗಿ ಎರಡು ಮಾತು. ಆ ಕೆತ್ತನೆ ಸುಂದರವಾಗಿದೆ ಎಂಬುದನ್ನು ಒಪ್ಪದಿದ್ದರೆ ಮುಂದಿನ ಚರ್ಚೆಗೆ ಪ್ರಾಮಾಣಿಕತೆಯಿರದು. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ತಿರುಗುವ ಪಿಸ್ತೂಲಿಗೆ ಅಮೆರಿಕದ ಹಕ್ಕುಪತ್ರ ಪಡೆದದ್ದು 1836ರಲ್ಲಿ. ಯಂತ್ರಗಳಿಂದ ಒಂದೇ ಅಳತೆಯ ಭಾಗಗಳನ್ನು ತಯಾರಿಸಿ ಜೋಡಿಸುವ ವಿಧಾನವನ್ನು ಅವನ ಹಾರ್ಟ್‌ಫರ್ಡ್ ಕಾರ್ಖಾನೆ ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿತು. 1851ರ ನೇವಿ ಮಾದರಿಯೊಂದೇ ಹಾರ್ಟ್‌ಫರ್ಡ್ ಮತ್ತು ಲಂಡನ್ನಿನ ಕಾರ್ಖಾನೆಗಳಲ್ಲಿ ಒಟ್ಟು ಎರಡೂವರೆ ಲಕ್ಷದಷ್ಟು ತಯಾರಾಯಿತು. ಗುಂಡುಗಳನ್ನು ಹೊತ್ತ ಅದರ ಉರುಳೆಯ ಮೇಲೆ ಹಾಯಿಹಡಗುಗಳ ಕಾಳಗದ ಚಿತ್ರವೊಂದಿರುತ್ತದೆ. 1843ರ ಮೇ 16ರಂದು ಟೆಕ್ಸಾಸಿನ ನೌಕಾಪಡೆ ಮೆಕ್ಸಿಕೋದ ಹಡಗುಗಳೊಡನೆ ನಡೆಸಿದ ಯುದ್ಧದ ದೃಶ್ಯವದು. ಬ್ಯಾಂಕ್ ನೋಟುಗಳ ಅಚ್ಚು ಕೆತ್ತುತ್ತಿದ್ದ ವಾಟರ್‌ಮನ್ ಆರ್ಮ್ಸ್‌ಬಿ ಎಂಬಾತ ಅದನ್ನು ಉಕ್ಕಿನ ಅಚ್ಚಿನಲ್ಲಿ ಕೆತ್ತಿಕೊಟ್ಟ. ಕಾರ್ಖಾನೆಯಲ್ಲಿ ಆ ಅಚ್ಚನ್ನು ಉರುಳೆಯ ಮೇಲೆ ಒತ್ತಿ ಹೊರಳಿಸುತ್ತಿದ್ದರು. ಆದ್ದರಿಂದ ಆ ಚಿತ್ರ ಸಾಮಾನ್ಯ ಪಿಸ್ತೂಲಿನಲ್ಲೂ ಇರುತ್ತದೆ.

ಸಂಗ್ರಾಹಕರು ಬೆಲೆ ಕೊಡುವುದು ಇನ್ನೊಂದು ಬಗೆಯ ಕೆತ್ತನೆಗೆ: ಕುಶಲಕರ್ಮಿ ಉಳಿ ಹಿಡಿದು ಒಂದೊಂದೇ ಗೆರೆಯಾಗಿ ಬಿಡಿಸಿದ್ದಕ್ಕೆ. ಕೋಲ್ಟ್‌ಗಾಗಿ ದುಡಿದ ಗುಸ್ತಾವ್ ಯಂಗ್, ನ್ಯೂಯಾರ್ಕಿನ ನಿಮ್ಷ್ಕೆ ಮುಂತಾದ ಪ್ರಸಿದ್ಧ ಕೆತ್ತನೆಗಾರರು ಜರ್ಮನಿಯಿಂದ ವಲಸೆ ಬಂದವರು. ಹುಟ್ಟೂರಿನ ಕಸುಬನ್ನು ಹೊಸ ದೇಶದ ಉಕ್ಕಿನ ಮೇಲೆ ಬಿಡಿಸಿದ ವಲಸಿಗರು. ನಿಮ್ಷ್ಕೆ ತಾನು ಕೆತ್ತಿದ ವಿನ್ಯಾಸಗಳ ಅಚ್ಚನ್ನು ಕಾಗದದ ಮೇಲೆ ತೆಗೆದು ಪುಸ್ತಕವೊಂದರಲ್ಲಿ ಅಂಟಿಸಿ ಇಟ್ಟುಕೊಂಡಿದ್ದ. ಆ ಪುಸ್ತಕ ಉಳಿದಿದ್ದರಿಂದಲೇ ಅವನ ಕೆಲಸವನ್ನು ಇಂದು ಗುರುತಿಸಲು ಸಾಧ್ಯವಾಗಿದೆ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಗೆರೆ ತೋಡಿ, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ನಮ್ಮ ಬಿದರಿ ಕುಶಲಕರ್ಮಿಯನ್ನು ನೋಡಿ ಬಲ್ಲವರಿಗೆ ಈ ಕೈಚಳಕದ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಈ ಹವ್ಯಾಸಕ್ಕೆ ತನ್ನದೇ ಆದ ಶಿಸ್ತೂ ಇದೆ. ಸಾದಾ ಪಿಸ್ತೂಲಿನ ಮೇಲೆ ಈಚೆಗೆ ಬಳ್ಳಿ ಕೆತ್ತಿಸಿ ಹಳೆಯದೆಂದು ಮಾರುವವರು ಇದ್ದಾರೆ. ಆದ್ದರಿಂದ ನಳಿಗೆ, ಚೌಕಟ್ಟು, ಹಿಡಿಯ ಪಟ್ಟಿ ಇವುಗಳ ಮೇಲಿನ ಸಂಖ್ಯೆಗಳು ಹೊಂದುತ್ತವೆಯೇ, ಗೆರೆಗಳ ಅಂಚು ಸಹಜವಾಗಿ ಸವೆದಿದೆಯೇ, ಕಾರ್ಖಾನೆಯ ಕಡತದಲ್ಲಿ ದಾಖಲೆಯಿದೆಯೇ ಎಂದು ನೋಡಬೇಕು. ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕುವಂತೆ ಹಳೆಯ ಪಿಸ್ತೂಲನ್ನು ತಿಕ್ಕಿದರೆ ಕಾಲ ಕೊಟ್ಟ ಬಣ್ಣ ಹೋಗಿ ಅದರ ಮೌಲ್ಯವೇ ಕುಸಿಯುತ್ತದೆ. ಹೀಗೆ ಬಲ್ಲವರು ಪ್ರತಿಯೊಂದನ್ನೂ ಪರೀಕ್ಷಿಸುತ್ತಾರೆ. ನನ್ನ ಆಕ್ಷೇಪವಿರುವುದು ಅವರು ಪರೀಕ್ಷಿಸದೆ ಬಿಡುವ ಒಂದು ವಿಷಯದ ಬಗ್ಗೆ. ತಯಾರಿಸಿದವನು ಯಾರು, ಕೆತ್ತಿದವನು ಯಾರು, ಕೊಂಡವನು ಯಾರು ಎಂಬ ಮೂರು ಹೆಸರುಗಳನ್ನು ಹುಡುಕುವ ಈ ಶಾಸ್ತ್ರ ನಾಲ್ಕನೆಯ ಹೆಸರನ್ನು ಕೇಳುವುದಿಲ್ಲ: ನಳಿಗೆಯ ಎದುರಿಗೆ ನಿಂತವನದು.

ಇದು ಆಕಸ್ಮಿಕವಲ್ಲ. ಆಯುಧದ ಮೇಲಿನ ಅಲಂಕಾರ ಹುಟ್ಟಿದ್ದೇ ನೋಟವನ್ನು ಅತ್ತ ಹೋಗದಂತೆ ತಡೆಯುವುದಕ್ಕೆ. ಕೋಲ್ಟ್ ವ್ಯಾಪಾರದ ಮರ್ಮ ಬಲ್ಲವನಾಗಿದ್ದ. 1850ರ ದಶಕದಲ್ಲಿ ರಷ್ಯಕ್ಕೂ ತುರ್ಕಿಗೂ ಯುದ್ಧ ಹತ್ತಿಕೊಂಡಾಗ ಅವನು ಚಿನ್ನದ ಕೆತ್ತನೆಯ ರಿವಾಲ್ವರುಗಳನ್ನು ರಷ್ಯದ ಜಾರ್ ದೊರೆಗೂ ಕಾಣಿಕೆ ಕೊಟ್ಟ, ತುರ್ಕಿಯ ಸುಲ್ತಾನನಿಗೂ ಕೊಟ್ಟ. ಸುಲ್ತಾನನಿಗೆ ಕೊಟ್ಟದ್ದು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೇಲೆ ಜಾರ್ಜ್ ವಾಷಿಂಗ್ಟನ್ನನ ಮುಖ ಚಿನ್ನದಲ್ಲಿ ಮೂಡಿದೆ. ಎರಡೂ ಪಕ್ಷಗಳಿಗೆ ಒಂದೇ ಸರಕನ್ನು ಮಾರಬಯಸುವವನಿಗೆ ಬಳ್ಳಿ ಎಲೆಗಳಷ್ಟು ಅನುಕೂಲದ ಭಾಷೆ ಬೇರೊಂದಿಲ್ಲ. ಇಂದು ನಾವು ಕಲೆಯೆಂದು ಗಾಜಿನೊಳಗಿಟ್ಟು ನೋಡುತ್ತಿರುವುದರಲ್ಲಿ ಒಂದು ಪಾಲು ಅಂದಿನ ಜಾಹೀರಾತು.

ಇದೇ ಬಗೆಯ ಕೆತ್ತನೆಯ ಕಥೆಯೊಂದು ಕನ್ನಡನಾಡಿನಲ್ಲೂ ಇದೆ. ಅದರ ಕೊಂಡಿ ವಾಷಿಂಗ್ಟನ್ನನಿಗೇ ತಗಲುತ್ತದೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಸೋತು ಶರಣಾದ ಬ್ರಿಟಿಷ್ ಸೇನಾನಿ ಲಾರ್ಡ್ ಕಾರ್ನ್‌ವಾಲಿಸ್. ಹನ್ನೊಂದು ವರ್ಷಗಳ ಬಳಿಕ ಅದೇ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪು ಸುಲ್ತಾನನ ಅರ್ಧ ರಾಜ್ಯವನ್ನೂ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿಯೂ ಪಡೆದ. 1793-94ರಲ್ಲಿ ಟಿಪ್ಪುವಿಗಾಗಿ ತಯಾರಾದ, ಬೆಳ್ಳಿ ಬಂಗಾರದ ಅಲಂಕಾರವುಳ್ಳ ಬೇಟೆಯ ಕೋವಿಯೊಂದು ಮುಂದೆ ಈ ಕಾರ್ನ್‌ವಾಲಿಸನಿಗೆ ಕಾಣಿಕೆಯಾಗಿ ಸಂದಿತು. ಅದರ ಮೇಲೆ ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿಯ ಅಂಕಿತವಿದೆ. 2023ರಲ್ಲಿ ಅದು ಬ್ರಿಟನ್ನಿನಿಂದ ಹೊರಗೆ ಮಾರಾಟವಾಗುವ ಹಂತದಲ್ಲಿದ್ದಾಗ ಅಲ್ಲಿನ ಸರ್ಕಾರ ತಾತ್ಕಾಲಿಕವಾಗಿ ರಫ್ತನ್ನು ತಡೆಯಿತು. ದೇಶದ ಸಂಸ್ಥೆಯೊಂದು ಅದನ್ನು ಕೊಳ್ಳಲಿ ಎಂಬುದು ಉದ್ದೇಶ. ಬೆಲೆ 20 ಲಕ್ಷ ಪೌಂಡ್. ಮೈಸೂರು ಸೀಮೆಯಲ್ಲಿ ತಯಾರಾದ ಕೋವಿ ಬ್ರಿಟನ್ನಿನ ಪರಂಪರೆಯಾಗಿ ಅಲ್ಲಿಯೇ ಉಳಿಯಬೇಕೆಂದು ಬ್ರಿಟನ್ ವಾದಿಸುವುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದು.

ಅದೊಂದೇ ಅಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆದ ಲೂಟಿಯಲ್ಲಿ ಟಿಪ್ಪುವಿನ ಆಯುಧಗಳು ಸೈನಿಕರ, ಅಧಿಕಾರಿಗಳ ಪೆಟ್ಟಿಗೆ ಸೇರಿ ಇಂಗ್ಲೆಂಡಿಗೆ ಹೋದವು. ಹುಲಿಯ ಮುಖ, ಹುಲಿಪಟ್ಟೆಗಳನ್ನು ಕೆತ್ತಿದ ಆ ಕೋವಿಗಳನ್ನು ಕೂಡಿಹಾಕಿದ ಇಂಗ್ಲಿಷ್ ಸಂಗ್ರಾಹಕರೂ ಇದ್ದರು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಅಂಥ ಸಂಗ್ರಹವೊಂದರ 30 ವಸ್ತುಗಳು 60 ಲಕ್ಷ ಪೌಂಡಿಗೂ ಹೆಚ್ಚಿಗೆ ಮಾರಾಟವಾದವು. 2023ರಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವೊಂದಕ್ಕೇ 1.4 ಕೋಟಿ ಪೌಂಡ್ ಬಂತು. ಪ್ರತಿ ಹರಾಜಿನ ಪುಸ್ತಕದಲ್ಲೂ ಕೆತ್ತನೆಯ ವರ್ಣನೆ ಪುಟಗಟ್ಟಲೆ ಇರುತ್ತದೆ.

ಟಿಪ್ಪುವಿನ ಬಗ್ಗೆ ನಮ್ಮ ನಡುವೆ ಭಿನ್ನಾಭಿಪ್ರಾಯಗಳಿವೆ. ಆ ವಿವಾದ ಇಲ್ಲಿ ಬೇಡ. ಆದರೆ ಒಂದು ಮಾತು ಈ ಲೇಖನಕ್ಕೆ ಅಗತ್ಯ. ಅದೇ ಹುಲಿಮುಖದ ಕೋವಿಯನ್ನು ಶ್ರೀರಂಗಪಟ್ಟಣದ ಕೋಟೆಯೊಳಗೆ ನಿಂತು ನೋಡಿದರೆ ಬ್ರಿಟಿಷರ ವಿರುದ್ಧದ ಹೋರಾಟ ಕಾಣುತ್ತದೆ. ಟಿಪ್ಪುವಿನ ದಂಡಯಾತ್ರೆಗಳಿಗೆ ಸಿಕ್ಕಿ, ಸೆರೆಯಾಗಿ ಊರುಬಿಟ್ಟು ಹೋಗಬೇಕಾಗಿ ಬಂದ ಕೊಡಗಿನ ಕುಟುಂಬಗಳ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಕೋವಿ ಒಂದೇ, ಕೆತ್ತನೆ ಒಂದೇ. ಹಿಡಿಯ ಕಡೆ ನಿಂತವರ ಕಥೆ ಉಕ್ಕಿನ ಮೇಲಿದೆ. ನಳಿಗೆಯ ಕಡೆ ನಿಂತವರ ಕಥೆಯನ್ನು ಯಾರಾದರೂ ನೆನಪಿಟ್ಟು ಹೇಳಿದರೆ ಮಾತ್ರ ಉಂಟು, ಇಲ್ಲದಿದ್ದರೆ ಇಲ್ಲ.

ಮಿತ್ರರ ತಾಯಿಯ ಪ್ರಶ್ನೆ ಎಲ್ಲಿಂದ ಹುಟ್ಟಿತೆಂದು ನನಗೆ ಆಮೇಲೆ ತಿಳಿಯಿತು. ಅವರ ತವರು ಹೊಸನಗರ ತಾಲ್ಲೂಕಿನ ನಗರದ ಸಮೀಪ. ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರೇ 1763ರಲ್ಲಿ ಹೈದರಾಲಿಯ ಕೈಸೇರಿ ಹೈದರನಗರವೆನಿಸಿ, ಈಗ ಬರಿಯ ನಗರವಾಗಿ ಉಳಿದಿದೆ. 2018ರ ಜುಲೈನಲ್ಲಿ ಅಲ್ಲಿನ ಪಾಳುಬಾವಿಯೊಂದರಿಂದ ಹೈದರ್-ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಯುದ್ಧರಾಕೆಟ್ಟುಗಳನ್ನು ಪುರಾತತ್ತ್ವ ಇಲಾಖೆಯವರು ಹೊರತೆಗೆದರು. ಅವುಗಳ ಮೇಲೆ ಕೆತ್ತನೆಯಿಲ್ಲ, ಚಿನ್ನವಿಲ್ಲ. ತುಕ್ಕು ಹಿಡಿದ ಕೊಳವೆಗಳು. ಲಂಡನ್ನಿನಲ್ಲಿ ಯಾರೂ ಅವಕ್ಕಾಗಿ ಕೈಯೆತ್ತಿ ಬೆಲೆ ಕೂಗಲಿಲ್ಲ. ಆದ್ದರಿಂದಲೇ ಅವು ಇದ್ದ ನೆಲದಲ್ಲೇ ಉಳಿದವು. ಇಂದು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಶಾಲೆಯ ಮಕ್ಕಳು ಅವನ್ನು ನೋಡಬಹುದು. ಎಲ್ಲಿ ಸಿಕ್ಕವು, ಎಷ್ಟು ಸಿಕ್ಕವು, ಯಾವ ಕೆಸರಿನಲ್ಲಿ ಹೂತಿದ್ದವು ಎಂಬ ವಿವರ ಅವುಗಳ ಜೊತೆಗಿದೆ. ಆ ಯುದ್ಧಗಳ ಬಗ್ಗೆ, ಆ ಕಾಲದ ಕಮ್ಮಾರಿಕೆಯ ಬಗ್ಗೆ ತಿಳಿಯಬೇಕೆನ್ನುವವನಿಗೆ ಈ ಸಾದಾ ಕಬ್ಬಿಣ 20 ಲಕ್ಷ ಪೌಂಡಿನ ಕೋವಿಗಿಂತ ಹೆಚ್ಚು ಹೇಳುತ್ತದೆ. ವಸ್ತು ತನ್ನ ನೆಲದಲ್ಲಿ, ತನ್ನ ವಿವರದೊಡನೆ ಇರುವುದಕ್ಕೆ ಅಷ್ಟು ಬೆಲೆಯಿದೆ.

ಇನ್ನು ನಾವು ಮನೆ ಕಟ್ಟಿಕೊಂಡಿರುವ ಈ ನೆಲದ ಮಾತು. 1851ರ ಕೋಲ್ಟ್ ರಿವಾಲ್ವರು ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ಚಿನ್ನದ ಬೇಟೆಯ ದಿನಗಳಲ್ಲಿ. 1851ರ ಜನವರಿಯಲ್ಲಿ ಈ ರಾಜ್ಯದ ಮೊದಲ ಗವರ್ನರು ಶಾಸನಸಭೆಯ ಮುಂದೆ, ಇಲ್ಲಿನ ಮೂಲನಿವಾಸಿಗಳು ನಿರ್ನಾಮವಾಗುವವರೆಗೆ ಯುದ್ಧ ನಡೆಯುತ್ತಲೇ ಇರುತ್ತದೆಂದು ಹೇಳಿದ. 1846ರಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಮೂಲನಿವಾಸಿಗಳ ಸಂಖ್ಯೆ 1870ರ ಹೊತ್ತಿಗೆ 30,000ದ ಆಸುಪಾಸಿಗೆ ಇಳಿಯಿತೆಂದು ಇತಿಹಾಸಕಾರರ ಅಂದಾಜು. ರೋಗ, ಹಸಿವುಗಳ ಜೊತೆಗೆ ಬಂದೂಕೂ ಅದಕ್ಕೆ ಕಾರಣ. 2019ರಲ್ಲಿ ರಾಜ್ಯದ ಗವರ್ನರು ಅದನ್ನು ನರಮೇಧವೆಂದೇ ಕರೆದು ಕ್ಷಮೆ ಕೋರಿದರು. ಸನ್ನಿವೇಲಿನ ಸುತ್ತಣ ಈ ಕಣಿವೆ ಓಲೋನಿ ಜನರ ನೆಲ. ಊರಿಂದ ತಂದೆತಾಯಿ ಬಂದಾಗ ನಾವು ಸ್ಯಾನ್ ಹೋಸೆಯ ವಿಂಚೆಸ್ಟರ್ ಬಂಗಲೆಗೆ ಕರೆದೊಯ್ಯುತ್ತೇವಲ್ಲವೆ? ಬಂದೂಕಿನ ಹಣದಲ್ಲಿ ಕಟ್ಟಿದ ಆ ಮನೆಯ ಒಡತಿ, ಬಂದೂಕಿಗೆ ಬಲಿಯಾದವರ ಪ್ರೇತಗಳಿಗೆ ಹೆದರಿ ಕಟ್ಟುತ್ತಲೇ ಹೋದಳೆಂದು ಅಲ್ಲಿ ಕಥೆ ಹೇಳುತ್ತಾರೆ. ಅದು ನಿಜವೆನ್ನಲು ಆಧಾರವಿಲ್ಲ. ಆದರೆ ಜನ ಆ ಕಥೆಯನ್ನು ಏಕೆ ಕಟ್ಟಿದರು, ಏಕೆ ಇನ್ನೂ ಕೇಳುತ್ತಾರೆ? ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಟ್ಟವರು ದೆವ್ವದ ಕಥೆಗಳಲ್ಲಾದರೂ ಬಂದು ನಿಲ್ಲುತ್ತಾರೆ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಭಿನ್ನ ದಾರಿ ಹಿಡಿದಿದ್ದರು. ಕನ್ನಡನಾಡಿನಲ್ಲಿ ಕಾಳಗದ ನೆನಪಿಗಾಗಿ ಕೆತ್ತಿದ್ದು ಕತ್ತಿಯನ್ನಲ್ಲ, ಕಲ್ಲನ್ನು. ವೀರಗಲ್ಲಿನಲ್ಲಿ ಸತ್ತವನ ಹೆಸರಿರುತ್ತದೆ. ತುರು ಕಾಯುವಾಗ ಸತ್ತನೋ ಊರಳಿವಿನಲ್ಲಿ ಸತ್ತನೋ ಎಂಬ ಕಾರಣವಿರುತ್ತದೆ. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವ, ಕ್ರಿ.ಶ. 890ರ ಆಸುಪಾಸಿನ ಬೇಗೂರಿನ ಶಾಸನ ಇಂಥ ಒಂದು ವೀರಗಲ್ಲು. ಬೆಂಗಳೂರು ಕಾಳಗದಲ್ಲಿ ಮಡಿದವನ ಸ್ಮಾರಕ. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರೂ ಇದೆ. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆ ಸತ್ತ ಒಂದು ನಾಯಿಯ ಹೆಸರು ನಮಗೆ ಗೊತ್ತು. ಮಿತ್ರರ ಮಣೆಯ ಮೇಲಿದ್ದ ಆ ರಿವಾಲ್ವರಿಗೆ ಯಾರಾದರೂ ಬಲಿಯಾಗಿದ್ದರೆ ಅವರ ಹೆಸರು ಗೊತ್ತಿಲ್ಲ. ವೀರಗಲ್ಲುಗಳು ಕೂಡ ಎಲ್ಲರ ಸಾವನ್ನೂ ಬರೆಯಲಿಲ್ಲ, ಎದುರಾಳಿಯ ಸಾವನ್ನಂತೂ ಬರೆದದ್ದು ಅಪರೂಪ. ಆದರೂ ಕೆತ್ತನೆ ಯಾರಿಗಾಗಿ ಎಂಬ ಪ್ರಶ್ನೆಗೆ ಅವು ಕೊಟ್ಟ ಉತ್ತರ ಕೋಲ್ಟ್ ಕಂಪನಿಯ ಉತ್ತರಕ್ಕಿಂತ ದೊಡ್ಡದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. “ನಮ್ಮ ದೇವತೆಗಳ ಕೈಯಲ್ಲೇ ಆಯುಧವಿಲ್ಲವೆ? ಆಯುಧಪೂಜೆ ನಮ್ಮದೇ ಹಬ್ಬವಲ್ಲವೆ? ಕೊಡಗಿನಲ್ಲಿ ಮನೆಮನೆಯಲ್ಲೂ ಕೋವಿಗೆ ಪೂಜೆಯಿಲ್ಲವೆ?” ಎಂದು ಅಂದು ಇನ್ನೊಬ್ಬ ಮಿತ್ರರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕೊಡಗಿನವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಬಂದದ್ದು 1861ರಲ್ಲಿ, ಬ್ರಿಟಿಷರ ಕಾಲದಲ್ಲಿ. ಭಾರತ ಸರ್ಕಾರ ಅದನ್ನು ಮುಂದುವರಿಸಿಕೊಂಡು ಬಂದಿದೆ. 2019ರ ಆದೇಶದ ಪ್ರಕಾರ ಅದು 2029ರವರೆಗೆ ಇದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ದೇವರ ಕೋಣೆಯಲ್ಲಿಟ್ಟು, ತೋಕ್ ಪೂ ಎಂಬ ಕೆಂಪು ಹಳದಿಯ ಹೂವು ಮುಡಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಗುಂಡಿನ ಸದ್ದಿನ ಲೆಕ್ಕದಿಂದಲೇ ಕಣಿವೆಯಾಚೆಯ ನೆರೆಯವರಿಗೆ ಸುದ್ದಿ ತಿಳಿಯುತ್ತಿತ್ತು.

ಇದನ್ನೆಲ್ಲ ಗಮನಿಸಿ ನೋಡಿದರೆ ಆಕ್ಷೇಪಕ್ಕೆ ಅದರಲ್ಲೇ ಉತ್ತರವಿದೆ. ಅಲ್ಲಿ ಕೋವಿಗೆ ಜಾಗವಿದೆ, ಕಾಲವಿದೆ, ಕಟ್ಟಳೆಯಿದೆ. ಅದು ಮನೆತನದ್ದು, ಯಾವ ಅಜ್ಜನದು, ಯಾವಾಗ ಬಂದದ್ದು ಎಂಬುದು ಮನೆಯವರಿಗೆ ಬಾಯಿಪಾಠ. ಹುಟ್ಟಿಗೂ ಸಾವಿಗೂ ಸದ್ದು ಮಾಡುವ ಆ ಕೋವಿಯನ್ನು ನೋಡಿದ ಮಗು ಆಯುಧವೆಂದರೆ ಸಾವಿನ ನೆರೆಮನೆಯೆಂಬುದನ್ನು ಕಲಿಯುತ್ತದೆ. ಪೂಜೆಯ ಅರ್ಥವೂ ಅದೇ: ಇದು ಸಾಮಾನ್ಯ ವಸ್ತುವಲ್ಲ, ಹದ್ದು ಮೀರಿ ಮುಟ್ಟಬೇಡ ಎಂಬ ಎಚ್ಚರಿಕೆ. ಗೊತ್ತಿಲ್ಲದವರ ಗೊತ್ತಿಲ್ಲದ ಕಾಳಗದಿಂದ ಬಂದ ರಿವಾಲ್ವರನ್ನು ಕಾರಿನ ಕೀಲಿಯ ಪಕ್ಕಕ್ಕಿಟ್ಟು ಕುಂಕುಮ ಹಚ್ಚಿದಾಗ ಆ ಎಚ್ಚರಿಕೆ ಉಳಿಯುವುದಿಲ್ಲ. ಚಂದವೊಂದೇ ಉಳಿಯುತ್ತದೆ.

ಚಂದವೊಂದೇ ಉಳಿದರೇನು ತಪ್ಪು ಎನ್ನುವವರಿಗೆ ನಮ್ಮ ಊರಿನ ಎರಡು ದಿನಾಂಕಗಳನ್ನು ನೆನಪಿಸುತ್ತೇನೆ. 1988ರ ಫೆಬ್ರವರಿ 16ರಂದು ಇದೇ ಸನ್ನಿವೇಲಿನ ಕಚೇರಿಯೊಂದಕ್ಕೆ, ಅಲ್ಲಿ ಕೆಲಸ ಕಳೆದುಕೊಂಡಿದ್ದವನೊಬ್ಬ ಬಂದೂಕುಗಳನ್ನು ಹೊತ್ತು ನುಗ್ಗಿ ಏಳು ಜನರನ್ನು ಕೊಂದ. ಸಹೋದ್ಯೋಗಿ ಮಹಿಳೆಯೊಬ್ಬರನ್ನು ವರ್ಷಗಟ್ಟಲೆ ಹಿಂಬಾಲಿಸಿ ಪೀಡಿಸಿದವನು ಅವನು. 2021ರ ಮೇ 26ರಂದು ಪಕ್ಕದ ಸ್ಯಾನ್ ಹೋಸೆಯ ರೈಲು ಡಿಪೋದಲ್ಲಿ ಒಂಬತ್ತು ಕಾರ್ಮಿಕರು ಬಲಿಯಾದರು. ಇವಕ್ಕೂ ಪುರಾತನ ಪಿಸ್ತೂಲಿಗೂ ನೇರ ಸಂಬಂಧವಿಲ್ಲ, ಒಪ್ಪುತ್ತೇನೆ. ಹಳೆಯ ಕೇಪಿನ ರಿವಾಲ್ವರಿನಿಂದ ಯಾರೂ ಅಂಥ ಕೃತ್ಯ ಎಸಗುವುದಿಲ್ಲ. ಆದರೆ ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಬಾಲವಾಡಿಯಿಂದಲೇ ಬಾಗಿಲು ಮುಚ್ಚಿ, ದೀಪವಾರಿಸಿ, ಮೇಜಿನ ಕೆಳಗೆ ಸದ್ದಿಲ್ಲದೆ ಕೂರುವ ಅಭ್ಯಾಸ ಮಾಡುತ್ತಾರೆ. ಬಂದೂಕಿನ ಭಯವನ್ನು ಶಾಲೆಯಲ್ಲಿ ಕಲಿತು ಬಂದ ಮಗುವಿಗೆ ಮನೆಯ ದೇವರ ಮುಂದೆ ಅದರ ಅಂದವನ್ನಷ್ಟೇ ತೋರಿಸಿದರೆ ಅದು ಯಾವುದನ್ನು ನಂಬಬೇಕು?

ಕಾನೂನಿನ ಮಾತನ್ನೂ ತಿಳಿದಿರಬೇಕು. ಅಮೆರಿಕದ ಒಕ್ಕೂಟ ಕಾನೂನು 1898 ಅಥವಾ ಅದಕ್ಕೆ ಮೊದಲು ತಯಾರಾದ ಬಂದೂಕನ್ನು ಪುರಾತನ ವಸ್ತುವೆಂದು ಬಗೆದು, ಸಾಮಾನ್ಯ ಬಂದೂಕಿನ ಕಟ್ಟುಪಾಡುಗಳಿಂದ ಬಿಡುತ್ತದೆ. ಆದರೆ ಕಾನೂನು ಬಿಟ್ಟಿತೆಂದು ಉಕ್ಕು ಮೆತ್ತಗಾಗುವುದಿಲ್ಲ. ಮದ್ದು, ಗುಂಡು, ಕೇಪು ಹಾಕಿದರೆ ಸುಸ್ಥಿತಿಯ 1851ರ ರಿವಾಲ್ವರು ಇಂದಿಗೂ ಸಿಡಿಯುತ್ತದೆ. ಹಿಂದಿನವರು ತುಂಬಿಸಿ ಮರೆತ ಮದ್ದು ಎಷ್ಟೋ ದಶಕಗಳ ಬಳಿಕ ಸಿಡಿದ ನಿದರ್ಶನಗಳೂ ಇವೆ. ಸನ್ನಿವೇಲಿನ ಮತದಾರರು 2013ರ ನವೆಂಬರಿನಲ್ಲಿ ಭಾರಿ ಬಹುಮತದಿಂದ ಅಂಗೀಕರಿಸಿದ ನಗರ ನಿಯಮವು, ಮನೆಯಲ್ಲಿ ಬಂದೂಕು ಕೈಯಲ್ಲಿಲ್ಲದಾಗ ಬೀಗದೊಳಗಿರಬೇಕು, ಕಳವಾದರೆ 48 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ. ಪುರಾತನವೋ ಹೊಸದೋ ಎಂಬ ವಾದಕ್ಕಿಳಿಯದೆ ಈ ನಿಯಮವನ್ನು ನಮ್ಮ ಮನೆಯ ನಿಯಮವಾಗಿಸಿಕೊಳ್ಳುವುದು ವಿವೇಕ.

ಹಾಗಾದರೆ ಸಂಗ್ರಹಿಸಲೇಬಾರದೆ? ಹಾಗೆನ್ನಲಾರೆ. ಸಂಗ್ರಾಹಕರಿಲ್ಲದಿದ್ದರೆ ಎಷ್ಟೋ ವಸ್ತುಗಳು ಗುಜರಿಗೆ ಹೋಗುತ್ತಿದ್ದವು. ನನ್ನ ಬೇಡಿಕೆ ಇಷ್ಟೆ: ವಸ್ತುವಿನ ಜೊತೆಗೆ ಅದರ ಪೂರ್ಣ ವೃತ್ತಾಂತವನ್ನೂ ಸಂಗ್ರಹಿಸಿರಿ. ಕೊಳ್ಳುವ ಮುನ್ನ ಅದು ಯಾವ ಸೀಮೆಯಲ್ಲಿ, ಯಾರ ಸೊಂಟದಲ್ಲಿ, ಯಾವ ಕಾಲದಲ್ಲಿ ಓಡಾಡಿತೆಂದು ಕೇಳಿರಿ. ಲೂಟಿಯಿಂದ ಬಂದದ್ದೆಂದು ತಿಳಿದರೆ ಎಷ್ಟೇ ಸುಂದರವಾಗಿದ್ದರೂ ಬಿಟ್ಟುಬಿಡಿರಿ. ಕೊಂಡಮೇಲೆ ಕೆತ್ತನೆಗಾರನ ಹೆಸರಿನ ಕೆಳಗೆ, ಅದು ಯಾರ ಮೇಲೆ ಪ್ರಯೋಗವಾಗಿರಬಹುದೆಂಬ ಇತಿಹಾಸವನ್ನೂ ನಾಲ್ಕು ಸಾಲು ಬರೆದಿಡಿರಿ. ಮಕ್ಕಳಿಗೆ ತೋರಿಸುವಾಗ ಆ ನಾಲ್ಕು ಸಾಲನ್ನು ಮೊದಲು ಓದಿ ಹೇಳಿರಿ, ಆಮೇಲೆ ಪೆಟ್ಟಿಗೆ ತೆರೆಯಿರಿ. ನಿಮ್ಮ ನಂತರ ಅದು ಎಲ್ಲಿಗೆ ಹೋಗಬೇಕೆಂಬುದನ್ನೂ ಈಗಲೇ ತೀರ್ಮಾನಿಸಿರಿ. ಮತ್ತೊಂದು ಹರಾಜಿಗಿಂತ ಒಂದು ವಸ್ತುಸಂಗ್ರಹಾಲಯ ಮೇಲು.

ಹರಾಜಿನ ಗೊಡವೆಗೆ ಹೋಗದವರಿಗೂ ಈ ಕೆಲಸದಲ್ಲಿ ಪಾಲಿದೆ. ಮಲೆನಾಡು, ಕರಾವಳಿ, ಕೊಡಗಿನ ನಮ್ಮ ಎಷ್ಟೋ ಮನೆಗಳ ಅಟ್ಟದಲ್ಲಿ, ಬೀರುವಿನಲ್ಲಿ ಅಜ್ಜನ ಕೇಪಿನ ಕೋವಿಯೋ ಜೋಡುನಳಿಗೆಯೋ ಇದೆ. ಹಂದಿ ಮಂಗಗಳಿಂದ ಬೆಳೆ ಕಾಯಲು ಪರವಾನಗಿ ಪಡೆದದ್ದು, ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಬಂದದ್ದು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಭಾರತದಿಂದ ಹೊರಗೆ ಸಾಗಿಸುವುದನ್ನು 1972ರ ಕಾಯಿದೆ ನಿಷೇಧಿಸಿದೆ. ಆದ್ದರಿಂದ ಅದನ್ನು ಇಲ್ಲಿಗೆ ತರುವ ಯೋಚನೆ ಬೇಡ. ತರಬಹುದಾದದ್ದು ಕಥೆಯನ್ನು. ಮುಂದಿನ ರಜೆಗೆ ಹೋದಾಗ ಅದರ ಚಿತ್ರ ತೆಗೆದು, ಮೇಲಿನ ಅಕ್ಷರ ಅಂಕಿಗಳನ್ನು ಬರೆದುಕೊಂಡು, ಅದು ಎಲ್ಲಿಂದ ಬಂತು, ಏನನ್ನು ಕೊಂದಿತು, ಯಾರನ್ನಾದರೂ ಗಾಯಗೊಳಿಸಿತೆ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿರಿ. ಆ ಹಿರಿಯರು ಹೋದಮೇಲೆ ಕೋವಿ ಠಾಣೆಗೆ ಒಪ್ಪಿಸಿದ ಕಬ್ಬಿಣವಾಗುತ್ತದೆ, ಅಷ್ಟೆ. ಅಂಥ ಬರಹಗಳು ನಮ್ಮ ಕೂಟದ ಈ ಪತ್ರಿಕೆಗೆ ಬಂದರೆ ಅದಕ್ಕಿಂತ ಒಳ್ಳೆಯ ಸಂಗ್ರಹ ಮತ್ತೇನಿದೆ?

ಈ ಲೇಖನ ಬರೆಯುವ ಮುನ್ನ ಮಿತ್ರರ ಅನುಮತಿ ಕೇಳಿದೆ. ನಕ್ಕು ಒಪ್ಪಿಕೊಂಡರು. ರಿವಾಲ್ವರು ಈಗ ಬೀಗದ ಪೆಟ್ಟಿಗೆಯಲ್ಲಿದೆ. ಮಖಮಲ್ಲಿನ ಮೇಲೆ ಒಂದು ಚೀಟಿಯಿಟ್ಟಿದ್ದಾರೆ. ಮಾದರಿ, ಸಂಖ್ಯೆ, ಕೆತ್ತನೆಯ ಶೈಲಿ ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದು, ಕೊನೆಯ ಸಾಲನ್ನು ಮಾತ್ರ ಕನ್ನಡದಲ್ಲಿ ಬರೆದಿದ್ದಾರೆ: “ಇದರ ಗುಂಡಿಗೆ ಬಿದ್ದವರ ಹೆಸರು ಎಲ್ಲೂ ಬರೆದಿಲ್ಲ.” ತಾಯಿ ಊರಿಗೆ ಹೊರಡುವ ಮುನ್ನ ಅದನ್ನು ಓದಿ, ಆ ಚೀಟಿಯ ಮೇಲೊಂದು ಹೂವಿಟ್ಟು ಹೋದರಂತೆ.